ಮೆಚ್ಚಿದ ಪುಸ್ತಕದ ಮಾತು

“ದೇಶ ಸುತ್ತು, ಕೋಶ ಓದು” ಎಂಬ ನಾಣ್ಣುಡಿಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಿಂದಲೇ ಕೇಳುತ್ತ ಬಂದಿದ್ದೇವೆ. ದೇಶ ಸುತ್ತಿ ಬಂದವನು ಸುಮ್ಮನಿರುವುದಿಲ್ಲ. ಹಂಪೆಯನ್ನೋ ಜೋಗವನ್ನೋ ನೋಡಿ ಬಂದರೆ ಒಂದು ವಾರ ಕಂಡಕಂಡವರಿಗೆಲ್ಲ ಅದರ ವರ್ಣನೆಯೇ. ಕೋಶ ಓದಿದವನು ಮಾತ್ರ ಮೌನಿ. ಪುಸ್ತಕವನ್ನು ಮುಗಿಸಿ, ಗ್ರಂಥಾಲಯಕ್ಕೆ ಹಿಂದಿರುಗಿಸಿ, ಏನೂ ನಡೆದೇ ಇಲ್ಲವೆಂಬಂತೆ ತರಗತಿಗೆ ಹೋಗಿ ಕೂಡುತ್ತಾನೆ. ಹೇಗಿತ್ತೆಂದು ಕೇಳಿದರೆ “ಚೆನ್ನಾಗಿದೆ” ಎಂಬ ಒಂದೇ ಮಾತು. ಈ ಮೌನದಿಂದ ನಮ್ಮ ಕಾಲೇಜಿಗೂ ನಮ್ಮ ಭಾಷೆಗೂ ನಷ್ಟವಾಗುತ್ತಿದೆಯೆಂಬುದು ನನ್ನ ಅಭಿಪ್ರಾಯ. ಮೆಚ್ಚಿದ ಪುಸ್ತಕವನ್ನು ಕುರಿತು ಬಾಯಿಬಿಟ್ಟು ಹೇಳುವುದು ಓದುಗನ ಕರ್ತವ್ಯ. ಏಕೆ ಮೆಚ್ಚಿದೆನೆಂದು ಹೇಳುವುದು ಆ ಕರ್ತವ್ಯದ ಮುಖ್ಯ ಭಾಗ.

ಈ ಮೌನಕ್ಕೆ ಕಾರಣವಿಲ್ಲದಿಲ್ಲ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಪಂಚಾಂಗ ಮತ್ತು ಪಠ್ಯಪುಸ್ತಕಗಳ ಹೊರತು ಬೇರೆ ಪುಸ್ತಕವಿಲ್ಲ. ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ತಾವೇ ಮೊದಲಿಗರಾದವರು ಎಷ್ಟೋ ಮಂದಿ. “ದೊಡ್ಡ ದೊಡ್ಡ ವಿದ್ವಾಂಸರು ಹೇಳಿರುವಾಗ ನಾವು ಹೇಳುವುದೇನಿದೆ?” ಎಂಬ ಅಳುಕು ಅವರಿಗೆ ಸಹಜವೇ. ಪರೀಕ್ಷೆಯಾದರೂ ಈ ಅಳುಕನ್ನು ಬೆಳೆಸುತ್ತದೆ. ವಿಮರ್ಶಕರ ಅಭಿಪ್ರಾಯವನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಅಂಕ ಬರುತ್ತದೆ. ತನಗೆ ಏನನ್ನಿಸಿತೆಂದು ಬರೆದರೆ ಬರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಹೀಗಾಗಿ ಮೂರು ವರ್ಷ ಸಾಹಿತ್ಯವನ್ನು ಓದಿದ ವಿದ್ಯಾರ್ಥಿಯೂ ತನ್ನದೆಂದು ಹೇಳಿಕೊಳ್ಳುವ ಒಂದು ಅಭಿಪ್ರಾಯವಿಲ್ಲದೆ ಹೊರಗೆ ಹೋಗುವ ಸಂಭವವಿದೆ. ಇದು ಶೋಚನೀಯವಲ್ಲವೆ?

ನಮ್ಮ ಪೂರ್ವಿಕರು ಓದುಗನನ್ನು ಇಷ್ಟು ಕೀಳಾಗಿ ಕಂಡವರಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿದನು: ಬರೆಯುವವನದು ಕಾರಯಿತ್ರೀ ಪ್ರತಿಭೆ, ಸವಿಯುವವನದು ಭಾವಯಿತ್ರೀ ಪ್ರತಿಭೆ. ಸವಿಯುವುದಕ್ಕೂ ಪ್ರತಿಭೆ ಎಂಬ ಹೆಸರನ್ನೇ ಕೊಟ್ಟಿರುವುದನ್ನು ಗಮನಿಸಬೇಕು. ಕಾವ್ಯದ ನಿರಂತರ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ತಿಳಿಯಾದವನೇ ಸಹೃದಯನೆಂದು ಅಭಿನವಗುಪ್ತನು ಹೇಳಿದನು; ಪದವಿಯ ಮಾತನ್ನೆತ್ತಲಿಲ್ಲ. ೯ನೆಯ ಶತಮಾನದ ‘ಕವಿರಾಜಮಾರ್ಗ’ವಂತೂ ಕನ್ನಡ ನಾಡಿನ ಜನ ವಿಶೇಷವಾಗಿ ಓದದೆಯೇ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೊಗಳಿತು. ಆ ಹೊಗಳಿಕೆಯನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಉದ್ಧರಿಸುವ ನಾವು ಅದಕ್ಕೆ ಯೋಗ್ಯರಾಗುವುದು ಯಾವಾಗ?

ಓದಿದ್ದನ್ನು ಹಂಚಿಕೊಳ್ಳುವ ಪದ್ಧತಿಯೂ ನಮಗೆ ಹೊಸದಲ್ಲ. ಹಳ್ಳಿಯ ಜಗುಲಿಯಲ್ಲಿ ಕುಮಾರವ್ಯಾಸನ ಭಾರತವನ್ನು ಗಮಕಿ ರಾಗವಾಗಿ ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದ ರೈತನೂ ಕೇಳಿ ತಲೆದೂಗುತ್ತಿದ್ದನು. ಆಗ ಕಾವ್ಯ ಒಬ್ಬನ ಕೋಣೆಯ ಗುಟ್ಟಾಗಿರಲಿಲ್ಲ, ಊರಿನ ಸೊತ್ತಾಗಿತ್ತು. ಮುಂದೆ ಅಚ್ಚಿನ ಪುಸ್ತಕಗಳು ಬಂದಾಗ ಗಳಗನಾಥರು (೧೮೬೯–೧೯೪೨) ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರಾದ ಓದುಗರನ್ನೇ ನಂಬಿ ಪುಸ್ತಕಗಳನ್ನು ಹೊರತಂದರು. ಇಂತಹ ಸಾಹಸಗಳು ಬಾಳಬೇಕಾದರೆ ಒಬ್ಬ ಓದುಗ ಇನ್ನೊಬ್ಬನಿಗೆ “ಇದನ್ನು ಓದು” ಎಂದು ಹೇಳಲೇಬೇಕು. ದೊಡ್ಡ ಜಾಹೀರಾತಿನ ಬಲವಿಲ್ಲದ ಕನ್ನಡ ಪುಸ್ತಕಕ್ಕೆ ಈ ಬಾಯಿಮಾತಿಗಿಂತ ಮಿಗಿಲಾದ ಆಸರೆ ಇಲ್ಲ.

ಆದರೆ ಎಂತಹ ಮಾತು? ನಮ್ಮ ವಿದ್ಯಾರ್ಥಿನಿಲಯದ ಮಿತ್ರನೊಬ್ಬನು ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (೧೯೪೩) ನನಗೆ ಹೇಳಿದ ರೀತಿಯನ್ನು ಇಲ್ಲಿ ಉದಾಹರಿಸಬಹುದು. ಅವನು ಕಥೆಯನ್ನು ಹೇಳಲಿಲ್ಲ. “ಅದರಲ್ಲಿ ಗೋಪಾಲಯ್ಯ ಎಂಬ ಮುದುಕ ಇದ್ದಾನೆ. ಮಗ ಮನೆಬಿಟ್ಟು ಹೋಗಿದ್ದಾನೆ. ದಾರಿತಪ್ಪಿ ಬಂದ ಅತಿಥಿಯನ್ನು ಇವತ್ತು ಬೇಡ, ನಾಳೆ ಹೋಗಿ ಎಂದು ನಿಲ್ಲಿಸಿಕೊಳ್ಳುತ್ತಾನೆ. ನಮ್ಮಜ್ಜಿ ನನ್ನನ್ನು ರಜೆಯಲ್ಲಿ ಏಕೆ ಹಾಗೆ ನಿಲ್ಲಿಸಿಕೊಳ್ಳುತ್ತಾಳೆಂದು ನನಗೆ ಗೊತ್ತಾಯಿತು” ಎಂದನು. ಅಷ್ಟೇ. ಅಂದು ಸಾಯಂಕಾಲವೇ ನಾನು ಆ ಪುಸ್ತಕವನ್ನು ಹುಡುಕಿಕೊಂಡು ಹೋದೆ.

ಇನ್ನೊಂದು ನಿದರ್ಶನ. ‘ಚೋಮನ ದುಡಿ’ಯ (೧೯೩೩) ಪಾಠ ನಡೆಯುತ್ತಿದ್ದಾಗ, ಎಂದೂ ಮಾತನಾಡದ ಸಹಪಾಠಿಯೊಬ್ಬನು ಎದ್ದುನಿಂತು, “ಸ್ವಂತ ಭೂಮಿಯನ್ನು ಉಳಬೇಕೆಂಬ ಚೋಮನ ಆಸೆಯನ್ನು ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಬರೆಸಿದ್ದಾರೆ. ನಮ್ಮ ತಂದೆ ಇಂದಿಗೂ ಬೇರೆಯವರ ಹೊಲದಲ್ಲಿ ದುಡಿಯುತ್ತಾರೆ. ಆ ಆಸೆ ಒಂದು ಸಾಲಿನದಲ್ಲ” ಎಂದನು. ತರಗತಿ ಸ್ತಬ್ಧವಾಯಿತು. ಅಧ್ಯಾಪಕರು ಪುಸ್ತಕವನ್ನು ಮುಚ್ಚಿ ಅವನ ಮಾತನ್ನು ಕೇಳಿದರು. ಯಾವ ವಿಮರ್ಶಾಗ್ರಂಥವೂ ನಮಗೆ ಕೊಡಲಾರದ ತಿಳಿವನ್ನು ಅವನು ಕೊಟ್ಟನೆಂದರೆ ಅತಿಶಯೋಕ್ತಿಯಾಗಲಾರದು.

ನನ್ನ ಮೆಚ್ಚಿಕೆಯನ್ನೂ ಹೇಳಬೇಡವೆ? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ನನ್ನ ಅಚ್ಚುಮೆಚ್ಚಿನ ಕೃತಿ. ಹಾರುವ ಓತಿಯ ಬೇಟೆಗಾಗಿ ಅದನ್ನು ಮೆಚ್ಚಿದವರು ಬಹಳ. ನಾನು ಮೆಚ್ಚಿದ್ದು ಮಂದಣ್ಣನಿಗಾಗಿ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗತಜ್ಞನೊಬ್ಬನನ್ನು ಕಾಣುತ್ತಾರೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಮಂಕಾಗಿ ಕುಳಿತ ಯಾರಿಗಾದರೂ ಈ ಪುಸ್ತಕವನ್ನು ಕೊಡಬೇಕೆನಿಸುತ್ತದೆ. ಓತಿ ಕೊನೆಗೆ ಕೈಗೆ ಸಿಗದೆ ಹೋದದ್ದು ಒಬ್ಬ ಗೆಳತಿಗೆ ಸರಿಬರಲಿಲ್ಲ; ನನಗೆ ಅದೇ ಸರಿಯೆನಿಸಿತು. ಈ ವಾದ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗದಿದ್ದರೇ ಒಳ್ಳೆಯದು, ಈ ನೆಪದಲ್ಲಿ ಇಬ್ಬರೂ ಅದನ್ನು ಎರಡನೆಯ ಸಲ ಓದಿದ್ದೇವೆ.

ಉತ್ಸಾಹ ಕುರುಡು, ಅದು ವಿಮರ್ಶೆಯಾಗಲಾರದು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ತನ್ನ ಮೆಚ್ಚಿನ ಲೇಖಕನನ್ನು ಗಗನಕ್ಕೇರಿಸಿ ಉಳಿದವರನ್ನು ಪಾತಾಳಕ್ಕೆ ತಳ್ಳುವ ಅಭಿಮಾನಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದರೆ ಆ ದೋಷಕ್ಕೆ ಮದ್ದು ಮೌನವಲ್ಲ, ಕಾರಣ ಕೊಡುವ ಅಭ್ಯಾಸ. “ಅದ್ಭುತ!” ಎಂದವನನ್ನು “ಯಾವ ಪುಟದಲ್ಲಿ?” ಎಂದು ಕೇಳಿದರೆ ಸಾಕು, ಕುರುಡು ಉತ್ಸಾಹಕ್ಕೆ ಕಣ್ಣು ಬರುತ್ತದೆ. ಬೀಜವೇ ಇಲ್ಲದೆ ಮರ ಬೆಳೆಯುವುದೆಂತು? ಮೊದಲು ಮೆಚ್ಚದವನು ಮುಂದೆ ತೂಗಿ ನೋಡುವುದಾದರೂ ಏನನ್ನು?

ಈಗಿನ ರೂಢಿಯೊಂದು ನನಗೆ ವಿಚಿತ್ರವಾಗಿ ಕಾಣುತ್ತದೆ. ಹಿಂದೆ ಅಕ್ಷರ ಬಾರದವರು ಕಾಗದಪತ್ರಗಳಿಗೆ ಹೆಬ್ಬೆಟ್ಟನ್ನು ಒತ್ತುತ್ತಿದ್ದರು. ಇಂದು ಅಕ್ಷರ ಬಲ್ಲ ನಾವು, ಮಿತ್ರರು ಮೊಬೈಲಿನಲ್ಲಿ ಪುಸ್ತಕವೊಂದರ ಚಿತ್ರವನ್ನು ಕಳುಹಿಸಿದರೆ ಎತ್ತಿದ ಹೆಬ್ಬೆಟ್ಟಿನ ಗುರುತನ್ನು ಕಳುಹಿಸಿ ಕೈತೊಳೆದುಕೊಳ್ಳುತ್ತೇವೆ. ಓದು ಕಲಿತದ್ದು ಮರಳಿ ಹೆಬ್ಬೆಟ್ಟಿಗೆ ಬರುವುದಕ್ಕೇನು? ಎರಡು ವಾಕ್ಯಗಳನ್ನು ಬರೆಯುವ ಶ್ರಮವನ್ನಾದರೂ ನಾವು ವಹಿಸಬೇಡವೆ?

ಆದುದರಿಂದ ನನ್ನ ಸಲಹೆ ಇಷ್ಟು. ತಿಂಗಳಿಗೊಂದು ಶನಿವಾರ, ತರಗತಿಗಳು ಮುಗಿದ ಮೇಲೆ, ಗ್ರಂಥಾಲಯದಲ್ಲಿಯೇ ಒಂದು ಗಂಟೆ ಸೇರೋಣ. ಒಬ್ಬೊಬ್ಬರು ಒಂದೊಂದು ಪುಸ್ತಕವನ್ನು ಕುರಿತು ಐದು ನಿಮಿಷ ಮಾತನಾಡಲಿ. ಕಥೆಯನ್ನು ಪೂರ್ತಿ ಹೇಳಬಾರದು. ಮನಸ್ಸಿಗೆ ನಾಟಿದ ಒಂದು ಸ್ಥಳವನ್ನು ತೋರಿಸಬೇಕು. ಅದು ಏಕೆ ನಾಟಿತೆಂದು ಹೇಳಬೇಕು. ಯಾರು ಓದಿದರೆ ಒಳ್ಳೆಯದೆಂದು ಸೂಚಿಸಬೇಕು. ಕಾದಂಬರಿಯೇ ಆಗಬೇಕಿಲ್ಲ, ಚರಿತ್ರೆ, ಪ್ರವಾಸ, ವಿಜ್ಞಾನ ಯಾವುದಾದರೂ ಆಗಬಹುದು. ಅಧ್ಯಾಪಕರು ಅಂದು ಅಧ್ಯಕ್ಷತೆ ವಹಿಸದೆ ನಮ್ಮ ನಡುವೆ ಕುಳಿತು, ತಾವು ನಮ್ಮ ವಯಸ್ಸಿನಲ್ಲಿ ಯಾವ ಪುಸ್ತಕಕ್ಕಾಗಿ ರಾತ್ರಿಯ ನಿದ್ದೆಗೆಟ್ಟರೆಂಬುದನ್ನು ಹೇಳಿದರೆ ಅದಕ್ಕಿಂತ ದೊಡ್ಡ ಪಾಠ ನಮಗೆ ಬೇಡ. ಇದಕ್ಕೆ ಹಣ ಬೇಕಿಲ್ಲ, ಹಾರ ತುರಾಯಿ ಬೇಕಿಲ್ಲ, ಸ್ವಾಗತ ವಂದನಾರ್ಪಣೆಗಳಂತೂ ಬೇಡವೇ ಬೇಡ.

ನಮ್ಮ ಗ್ರಂಥಾಲಯದ ಬೀರುಗಳಲ್ಲಿ ವರ್ಷಗಟ್ಟಲೆ ಯಾರ ಕೈಗೂ ಬಾರದ ಪುಸ್ತಕಗಳಿವೆ. ಅವುಗಳ ಕೊನೆಯ ಹಾಳೆಗೆ ಅಂಟಿಸಿದ ಚೀಟಿಯಲ್ಲಿ ಒಂದು ತಾರೀಖಿನ ಮೊಹರೂ ಇಲ್ಲ. ಯಾರೋ ಒಬ್ಬರು ಓದಿ, ಮೆಚ್ಚಿ, ಇನ್ನೊಬ್ಬರಿಗೆ ಹೇಳುವವರೆಗೆ ಅವು ಹಾಗೆಯೇ ಇರುತ್ತವೆ. ಆ ಒಬ್ಬರು ನಮ್ಮಲ್ಲಿ ಯಾರೂ ಆಗಬಹುದು.