ಮಂಗಳೂರು–ಬೆಂಗಳೂರು: ದೂರವೆಷ್ಟು?

ಮಂಗಳೂರಿನಿಂದ ಬೆಂಗಳೂರು ಎಷ್ಟು ದೂರವೆಂದು ಕೇಳಿದರೆ, “ವಿಮಾನದಲ್ಲಿ ಒಂದೇ ಗಂಟೆ” ಎನ್ನುವರು ಉಳ್ಳವರು. “ಒಂದು ರಾತ್ರಿಯ ಬಸ್ಸು” ಎನ್ನುವರು ಉಳಿದವರು. ಊರುಗಳೆರಡೂ ಇದ್ದಲ್ಲಿಯೇ ಇರುವಾಗ ದೂರ ಮಾತ್ರ ಜೇಬಿಗೆ ತಕ್ಕಂತೆ ಬದಲಾಗುವುದು ವಿಚಾರ ಮಾಡತಕ್ಕ ಸಂಗತಿಯಲ್ಲವೆ?

ಭೂಪಟವನ್ನು ನೋಡಿರಿ. ಎರಡು ನಗರಗಳೂ ಹೆಚ್ಚುಕಡಿಮೆ 13ನೆಯ ಉತ್ತರ ಅಕ್ಷಾಂಶದ ಮೇಲೆಯೇ ಇವೆ. ನೇರ ಗೆರೆಯೆಳೆದರೆ ಅಂತರ ಸುಮಾರು 300 ಕಿಲೋಮೀಟರು. ರಸ್ತೆಯಲ್ಲಿ ಸುಮಾರು 350. ಇಷ್ಟಕ್ಕೆ ಬಸ್ಸಿಗೆ ಏಳೆಂಟು ಗಂಟೆ ಬೇಕು. ರೈಲಿಗೆ ಇನ್ನೂ ಹೆಚ್ಚು. ನಡುವೆ ಪಶ್ಚಿಮಘಟ್ಟ ನಿಂತಿರುವುದೇ ಇದಕ್ಕೆ ಮುಖ್ಯ ಕಾರಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರು ಹಳಿಯಲ್ಲಿ 57 ಸುರಂಗಗಳಿವೆ. ಅಲ್ಲಿ 50 ಅಡಿ ಸಾಗುವಷ್ಟರಲ್ಲಿ ಒಂದಡಿ ಏರಬೇಕು. ರೈಲು ತೆವಳದೆ ಗತಿಯಿಲ್ಲ.

ಇನ್ನು ವಿಮಾನದ ಆ ಒಂದು ಗಂಟೆಯ ವಿಷಯ. ಪೂರ್ಣ ವೇಗದಲ್ಲಿ ಹಾರಿದರೆ 300 ಕಿಲೋಮೀಟರಿಗೆ ಅರ್ಧ ಗಂಟೆಯೂ ಬೇಡ. ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು ಸೇರಿ ಅದು ಒಂದು ಗಂಟೆಯಾಗುತ್ತದೆ. ಬಜ್ಪೆಯ ಗುಡ್ಡವನ್ನು ಹತ್ತಿ ಎರಡು ಗಂಟೆ ಮುಂಚಿತವಾಗಿ ನಿಲ್ದಾಣ ಸೇರಬೇಕು. 2008ರಿಂದ ಬೆಂಗಳೂರಿನ ನಿಲ್ದಾಣವಿರುವುದು ದೇವನಹಳ್ಳಿಯ ಬಳಿ. ಅಲ್ಲಿಂದ ನಗರದ ನಡುವಿಗೆ 35 ಕಿಲೋಮೀಟರಿಗೂ ಹೆಚ್ಚು. ಮನೆಯ ಬಾಗಿಲಿನಿಂದ ಲೆಕ್ಕ ಹಿಡಿದರೆ ಐದು ಗಂಟೆಗೆ ಕಡಿಮೆಯಾಗುವುದು ಅಪರೂಪ.

ವಿಮಾನ ಬೇಡವೆಂಬುದು ನನ್ನ ವಾದವಲ್ಲ. 1951ರಲ್ಲಿ ಬಜ್ಪೆಯಲ್ಲಿ ನಿಲ್ದಾಣ ತೆರೆದಂದಿನಿಂದ ಕರಾವಳಿಗೆ ಅದರಿಂದಾದ ಉಪಕಾರ ಸಣ್ಣದಲ್ಲ. ದುಡಿಯಲು ಕೊಲ್ಲಿ ದೇಶಗಳಿಗೆ ಹೋದವರ ಮನೆಗಳೇ ಅದಕ್ಕೆ ಸಾಕ್ಷಿ. ಆದರೆ “ಒಂದೇ ಗಂಟೆ” ಎಂಬ ಮಾತು ತೀರ್ಮಾನ ಮಾಡುವವರ ಬಾಯಲ್ಲಿ ನೆಲೆಸಿದಾಗ, ಘಟ್ಟದ ದಾರಿ ಅವರ ಕಣ್ಣಿನಿಂದ ಮರೆಯಾಗುತ್ತದೆ. ಗೇಜು ಬದಲಾವಣೆಗೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಈ ಘಟ್ಟದಲ್ಲಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ದಾರಿ ಕಾಯುವವರು ವಿಮಾನವೇರುವವರಾಗಿದ್ದರೆ ಹನ್ನೊಂದು ವರ್ಷ ಹಿಡಿಯುತ್ತಿತ್ತೆ? ಇಂದಿಗೂ ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಸುತ್ತಿ ಹೋಗಬೇಕು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನಂಥವರು ಈ ತರಗತಿಯಲ್ಲಿ ಅನೇಕರಿದ್ದೇವೆ. ಪದವಿ ಮುಗಿಸಿ ಒಂದು ಸಂದರ್ಶನಕ್ಕೆ ಬೆಂಗಳೂರಿಗೆ ಹೋಗಬೇಕಾದರೆ ಎರಡು ರಾತ್ರಿಯ ನಿದ್ದೆಯೂ ಮನೆಯವರ ಕೆಲವು ದಿನದ ಕೂಲಿಯೂ ಖರ್ಚಾಗುತ್ತವೆ. ಬಸ್ಸಿನಲ್ಲಿ ಕುಳಿತೇ ರಾತ್ರಿ ಕಳೆದವನೂ ಚೆನ್ನಾಗಿ ನಿದ್ರಿಸಿ ಬಂದವನೂ ಒಂದೇ ಮೇಜಿನ ಮುಂದೆ ಉತ್ತರ ಹೇಳಬೇಕು. ಇದನ್ನು ಸಮಾನ ಸ್ಪರ್ಧೆ ಎನ್ನಲಾದೀತೆ?

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಎರಡು ಊರುಗಳ ನಡುವಣ ದೂರವನ್ನು ಸಾಮಾನ್ಯ ಪ್ರಯಾಣಿಕನು ಮನೆ ಬಿಟ್ಟ ಗಳಿಗೆಯಿಂದ ಕೆಲಸದ ಜಾಗ ತಲುಪುವ ಗಳಿಗೆಯವರೆಗೆ ಅಳೆಯಬೇಕು. ಘಟ್ಟದ ರಸ್ತೆ ಮಳೆಗಾಲದಲ್ಲಿಯೂ ತೆರೆದಿರುವಂತಾಗಬೇಕು. ಹಗಲಿನ ರೈಲುಗಳು ಹೆಚ್ಚಬೇಕು. ಉದ್ಯೋಗದ ಸಂದರ್ಶನಗಳು ಜಿಲ್ಲಾ ಕೇಂದ್ರಗಳಲ್ಲಿಯೂ ನಡೆಯಬೇಕು. ಮುಂದೆ ನಮ್ಮಲ್ಲಿ ಕೆಲವರು ಅಧಿಕಾರದ ಸ್ಥಾನಗಳಲ್ಲಿ ಕುಳಿತುಕೊಳ್ಳಬಹುದು. ವಿಮಾನವನ್ನೂ ಏರಬಹುದು. ಆಗಲೂ ರಾತ್ರಿಯ ಬಸ್ಸಿನ ಲೆಕ್ಕವನ್ನು ಮರೆಯದಿರೋಣ.