ಹೊಸ ಆಲ್ಬಂ, ಹಳೇ ಬೇಡಿಕೆ
2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕಡೆಯ ಕಪ್ಪು ಟೀ ಶರ್ಟುಗಳೆಲ್ಲ ಅರಮನೆ ಮೈದಾನದ ದಾರಿ ಹಿಡಿದ ದಿನ. 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹೆವಿ ಮೆಟಲ್ ತಂಡ ‘ಐರನ್ ಮೇಡನ್’ ಭಾರತದಲ್ಲಿ ಮೊದಲ ಸಲ ನುಡಿಸಲು ಬಂದದ್ದು ಮುಂಬೈಗಲ್ಲ, ದೆಹಲಿಗಲ್ಲ, ನಮ್ಮೂರಿಗೆ. ದೆಹಲಿಯ ‘ಪರಿಕ್ರಮ’ ರಾಕ್ ತಂಡವೇ ಇಲ್ಲಿಗೆ ಬಂದು ಅವರಿಗಿಂತ ಮುಂಚೆ ವೇದಿಕೆ ಹತ್ತಿತು (ಈ ಜಂಬ ನಮಗಿನ್ನೂ ಇಳಿದಿಲ್ಲ). ಹೆಸರಿಗೆ ಅದು ಮೇಡನ್ನಿನ 2006ರ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಮ್ಮಿನ ಪ್ರವಾಸ. ಹಿಂದಿನ ವರ್ಷ ಅಮೆರಿಕ, ಯುರೋಪಿನಲ್ಲಿ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆವರೆಗೆ ನುಡಿಸಿ, ಹಳೇ ಹಾಡಿಗೆಂದು ಬಂದವರ ಗೊಣಗಾಟಕ್ಕೆ ಸೊಪ್ಪು ಹಾಕದ ಹಟ ಅವರದು. ಬೆಂಗಳೂರಿಗೆ ಬರುವಷ್ಟರಲ್ಲಿ ಹೊಸ ಹಾಡುಗಳು ಐದಕ್ಕೆ ಇಳಿದಿದ್ದವು. ನನಗದು ಪಿಚ್ಚೆನಿಸುತ್ತದೆ. ರಾಮನವಮಿ ಕಚೇರಿಯಲ್ಲಿ ಅಪರೂಪದ ಕೃತಿ ಎತ್ತಿಕೊಂಡ ವಿದ್ವಾಂಸರಿಗೆ ‘ಗೊತ್ತಿರೋ ದೇವರನಾಮ ಹಾಡಿ’ ಎಂದು ಚೀಟಿ ಕಳಿಸುವವರು ಎಲ್ಲ ಸಂಗೀತದಲ್ಲೂ ಇದ್ದಾರೆ. 2009ರ ಫೆಬ್ರುವರಿಯಲ್ಲಿ ತಂಡ ಮತ್ತೆ ಬಂತು. ಹಾಡುಗಾರ ಬ್ರೂಸ್ ಡಿಕಿನ್ಸನ್ ತಾನೇ ಪೈಲಟ್ ಆಗಿ ಬೋಯಿಂಗ್ 757 ಹಾರಿಸಿಕೊಂಡು ಊರೂರು ಸುತ್ತಿದ ಪ್ರವಾಸ ಅದು. ಆಗಂತೂ ಪಟ್ಟಿಯಲ್ಲಿ ಹೆಚ್ಚಿನವು ಎಂಬತ್ತರ ದಶಕದ ಹಾಡುಗಳೇ.