ಎಂಜಿನ್ ಸದ್ದಿನ ಹುಚ್ಚು, ಅಪ್ಪನ ಕಿವಿ ಮಿಷಿನ್ನು

ಮೊದಲೇ ಹೇಳಿಬಿಡ್ತೀನಿ, ನನಗೆ ಎಂಜಿನ್ ಸದ್ದಿನ ಹುಚ್ಚು. ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಬರೆಯೋದು ಜಾವಾ ಕೋಡು (ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಮಂದಿಯ ಕಥೆ ಇದೇ ಬಿಡಿ). ಆಫೀಸಿನಲ್ಲಿ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳ್ತಿದ್ರೆ ನಾನು ಹಳೇ ರೇಸ್ ಕಾರುಗಳು ಗೇರ್ ಬದಲಿಸೋದನ್ನ ಕೇಳ್ತಾ ಕೂತಿರ್ತೀನಿ. ಪಕ್ಕದ ಸೀಟಿನವನು ಒಂದು ಸಲ ನನ್ನ ಹೆಡ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡು, "ಏನೋ ಇದು, ಮರ ಕುಯ್ಯೋ ಮಿಷಿನ್ನಾ?" ಅಂತ ಕೇಳಿದ್ದ.

ಇಂಥ ನಾನು ಇವತ್ತು ಬರೆಯೋಕೆ ಕೂತಿರೋದು ಸದ್ದಿನ ವಿರುದ್ಧ. ಪೂರ್ತಿ ಓದಿ, ಆಮೇಲೆ ಬೈಯಿರಿ :)

ಈ ಹುಚ್ಚು ಹತ್ತಿಸಿದ್ದು ನಮ್ಮಪ್ಪ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳೋರು, ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳ್ತಾರಲ್ಲ ಹಾಗೆ. "ನಾಲ್ಕನೇ ಸಿಲಿಂಡರಿನ ಟ್ಯಾಪೆಟ್ ಸಡಿಲ ಆಗಿದೆ" ಅಂದ್ರೆ ಮುಗೀತು, ಬಿಚ್ಚಿ ನೋಡಿದ್ರೆ ಅಲ್ಲೇ ಇರ್ತಿತ್ತು. ರಜಾ ದಿನ ನಾನೂ ಜೊತೆಗೆ ಹೋದಾಗ ಆ ಸ್ಕ್ರೂಡ್ರೈವರನ್ನು ನನ್ನ ಕಿವಿಗೂ ಇಡೋರು. ನನಗೆ ಕೇಳ್ತಿದ್ದದ್ದು ಬರೀ ಗಡಗಡ. ಅವರಿಗೆ ಮಾತ್ರ ಅದರಲ್ಲಿ ಆರು ಸಿಲಿಂಡರ್ ಆರು ಜನರ ಹಾಗೆ ಬೇರೆ ಬೇರೆಯಾಗಿ ಮಾತಾಡೋದು ಕೇಳಿಸ್ತಿತ್ತು.

2011ರ ಸೆಪ್ಟೆಂಬರಿನಲ್ಲಿ ಮೆಕ್‌ಲಾರೆನ್ ತಂಡದ ಲೂಯಿಸ್ ಹ್ಯಾಮಿಲ್ಟನ್ ಬೆಂಗಳೂರಿಗೆ ಬಂದು ನೈಸ್ ರಸ್ತೆಯಲ್ಲಿ ಫಾರ್ಮುಲಾ ಒನ್ ಕಾರು ಓಡಿಸಿ ತೋರಿಸಿದ್ದು ಕೆಲವರಿಗೆ ನೆನಪಿರಬಹುದು. ಭಾರತದ ಮೊದಲ ಗ್ರ್ಯಾಂಡ್ ಪ್ರೀ ಗ್ರೇಟರ್ ನೋಯ್ಡಾದಲ್ಲಿ ಅದರ ಮುಂದಿನ ತಿಂಗಳು ನಡೀತು. ನಾನಾಗ ಹೈಸ್ಕೂಲು. ಅಪ್ಪ ರಜಾ ಹಾಕಿ ಕರ್ಕೊಂಡು ಹೋಗಿದ್ರು. ಜನರ ತಲೆಗಳ ಮಧ್ಯೆ ಕಾರು ಕಂಡಿದ್ದು ಕಮ್ಮಿ. ಆದರೆ ಸದ್ದು! ಅದು ಕಿವಿಗೆ ಬರೋದಕ್ಕೆ ಮೊದಲು ಎದೆಗೂಡಿಗೆ ಬಂತು. ಮೈಯ ಕೂದಲೆಲ್ಲ ಎದ್ದು ನಿಂತಿತ್ತು. ನಾನು ಎರಡೂ ಕಿವಿಗೆ ಬೆರಳು ತುರುಕಿಕೊಂಡಿದ್ದೆ. ಅಪ್ಪ ಮಾತ್ರ ಕೈಕಟ್ಟಿಕೊಂಡು, ಕಣ್ಣುಮುಚ್ಚಿ, ಮುಗುಳ್ನಗ್ತಾ ನಿಂತಿದ್ರು. ಕಿವಿ ಮುಚ್ಚಿಕೊಳ್ಳಲೇ ಇಲ್ಲ. ಎಂಥಾ ಗಟ್ಟಿ ಮನುಷ್ಯ ಅಂದುಕೊಂಡಿದ್ದೆ. ಅದು ಗಟ್ಟಿತನ ಅಲ್ಲ ಅಂತ ತಿಳಿಯೋಕೆ ಹತ್ತು ವರ್ಷದ ಮೇಲಾಯ್ತು.

ಆ ಸದ್ದು ಹಾಗ್ಯಾಕೆ ಇರುತ್ತೆ ಅಂತ ಇಂಜಿನಿಯರಿಂಗ್ ಓದುವಾಗ ಲೆಕ್ಕ ಹಾಕಿದ್ದೆ. ಲೆಕ್ಕ ಸುಲಭ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಂದು ಸಲ ಉರಿಯುತ್ತೆ. ಆ ಕಾಲದ ಎಫ್1 ಕಾರುಗಳಲ್ಲಿದ್ದದ್ದು 2.4 ಲೀಟರಿನ ವಿ8, ನಿಮಿಷಕ್ಕೆ 18,000 ಸುತ್ತು. ಅಂದ್ರೆ ಸೆಕೆಂಡಿಗೆ 300 ಸುತ್ತು, ಸುತ್ತಿಗೆ ನಾಲ್ಕು ಸ್ಫೋಟ, ಒಟ್ಟು ಸೆಕೆಂಡಿಗೆ 1200 ಸ್ಫೋಟ. ಅದೇ ಸ್ವರ, 1200 ಹರ್ಟ್ಝ್. ಅದಕ್ಕೂ ಮೊದಲು, 2005ರ ತನಕ ಇದ್ದ 3 ಲೀಟರಿನ ವಿ10 ಅದೇ ವೇಗದಲ್ಲಿ ತಿರುಗಿದರೆ 1500 ಹರ್ಟ್ಝ್. ನಮ್ಮ ಆರು ಸಿಲಿಂಡರಿನ ಬಸ್ಸು 1500 ಆರ್‌ಪಿಎಂನಲ್ಲಿ ಹೋಗ್ತಿದ್ರೆ ಬರೀ 75 ಹರ್ಟ್ಝ್. ಅದಕ್ಕೇ ಬಸ್ಸು ಗೊಣಗುತ್ತೆ, ವಿ10 ಕಿರುಚುತ್ತೆ.

ಇನ್ನು ನನ್ನ ಮೆಚ್ಚಿನ ಮಾಜ್ದಾ 787ಬಿ. 1991ರಲ್ಲಿ ಲೆ ಮಾನ್ಸ್‌ನ 24 ಗಂಟೆ ರೇಸ್ ಗೆದ್ದ ಕಾರು, ರೋಟರಿ ಎಂಜಿನ್ನಿನಿಂದ ಆ ರೇಸ್ ಗೆದ್ದಿದ್ದು ಅದೊಂದೇ. ಅದಕ್ಕೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ನಾಲ್ಕು ರೋಟರ್‌ಗಳು, ಒಂದೊಂದೂ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಸಲ ಉರಿಸುತ್ತೆ. ಮಾಮೂಲಿ ಎಂಜಿನ್ನಿನಲ್ಲಿ ವಾಲ್ವು ಮೆಲ್ಲಗೆ ತೆರೆದುಕೊಳ್ಳುತ್ತೆ. ಇಲ್ಲಿ ರೋಟರಿನ ತುದಿ ಕಿಂಡಿಯನ್ನು ದಾಟಿದ ಕೂಡಲೇ ಒಳಗಿನ ಒತ್ತಡವೆಲ್ಲ ದಢಾರನೆ ಹೊರಗೆ. ಕೇಳಿದ್ರೆ ಮೈಮೇಲೆ ದೇವರು ಬಂದವರು ಕೂಗಿದ ಹಾಗಿರುತ್ತೆ.

ಇನ್ನೊಂದು ಲೆಕ್ಸಸ್ ಎಲ್‌ಎಫ್‌ಎ. ತಯಾರಾಗಿದ್ದು 500 ಕಾರು ಮಾತ್ರ. 4.8 ಲೀಟರಿನ ವಿ10, ಐಡಲಿನಿಂದ 9000 ಆರ್‌ಪಿಎಂ ಮುಟ್ಟೋಕೆ 0.6 ಸೆಕೆಂಡು. ಮುಳ್ಳು ಅಷ್ಟು ಬೇಗ ತಿರುಗಲ್ಲ ಅಂತ ಡಿಜಿಟಲ್ ಮೀಟರ್ ಹಾಕಿದರು. ಅದರ ಸದ್ದನ್ನು ಯಮಾಹಾದವರ ಜೊತೆ ಸೇರಿ ವಾದ್ಯ ಶ್ರುತಿ ಮಾಡಿದ ಹಾಗೆ ಶ್ರುತಿ ಮಾಡಿದ್ರು. ಗಾಳಿ ಒಳಗೆ ಎಳೆದುಕೊಳ್ಳೋ ಸದ್ದನ್ನು ಕೊಳವೆಗಳ ಮೂಲಕ ಕಾರಿನ ಒಳಕ್ಕೇ ತಂದರು. ಇದನ್ನ ಗಮನಿಸಿ. ಓಡಿಸೋನು ಕೇಳಲಿ ಅಂತ ಒಳಕ್ಕೆ ತಂದರು. ಈ ವಿಷಯಕ್ಕೆ ಆಮೇಲೆ ಬರ್ತೀನಿ.

2014ರಲ್ಲಿ ಎಫ್1ಗೆ 1.6 ಲೀಟರಿನ ವಿ6 ಟರ್ಬೋ ಹೈಬ್ರಿಡ್ ಬಂತು. ಇಂಧನದ ಹರಿವಿಗೆ ಮಿತಿ ಇದ್ದಿದ್ದರಿಂದ ಸುಮಾರು 12,000 ಆರ್‌ಪಿಎಂ ಆಸುಪಾಸಿನಲ್ಲೇ ಓಡಿಸ್ತಿದ್ರು. ಲೆಕ್ಕ ಹಾಕಿದ್ರೆ 600 ಹರ್ಟ್ಝ್, ಅಂದ್ರೆ ವಿ8ರ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ. ಅಭಿಮಾನಿಗಳು ಬೊಬ್ಬೆ ಹೊಡೆದರು. ಮರ್ಸಿಡಿಸ್‌ನವರು ಎಕ್ಸಾಸ್ಟಿಗೆ ತುತ್ತೂರಿ ಥರದ್ದೊಂದನ್ನು ಸಿಕ್ಕಿಸಿ ಪರೀಕ್ಷೆ ಮಾಡಿದ್ದೂ ಆಯ್ತು. ನಾನೂ ಆಗ ಶಾಪ ಹಾಕಿದವನೇ. "ಸಪ್ಪೆ ಆಗೋಯ್ತು" ಅಂತ ಅಪ್ಪನ ಹತ್ರ ಗೋಳಾಡಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು, "ಸದ್ದು ಅಂದ್ರೆ ಸೋರಿಕೆ ಕಣೋ ಮಗಾ. ಉಪಯೋಗಕ್ಕೆ ಬಾರದ್ದು ಹೊರಗೆ ಬಂದು ಕೂಗಾಡುತ್ತೆ."

ಮಾತು ನಿಜ. ಹೊಸ ಎಂಜಿನ್ನಿನಲ್ಲಿ ಹೊರಗೆ ಹೋಗೋ ಬಿಸಿಗಾಳಿಯಿಂದಲೇ ಟರ್ಬೋ ತಿರುಗಿ ಶಕ್ತಿ ವಾಪಸ್ ಸಿಗ್ತಿತ್ತು. 2017ರಲ್ಲಿ ಮರ್ಸಿಡಿಸ್‌ನವರು ತಮ್ಮ ಎಫ್1 ಎಂಜಿನ್ ಪರೀಕ್ಷಾ ಕೊಠಡಿಯಲ್ಲಿ ಶೇಕಡಾ 50ಕ್ಕಿಂತ ಹೆಚ್ಚು ಥರ್ಮಲ್ ಎಫಿಶಿಯೆನ್ಸಿ ಮುಟ್ಟಿದೆ ಅಂತ ಹೇಳಿದ್ರು. ಅಂದ್ರೆ ಪೆಟ್ರೋಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ನಾವು ಚಪ್ಪಾಳೆ ಹೊಡೀತಿದ್ದದ್ದು ಚೆಲ್ಲಿಹೋಗ್ತಿದ್ದ ಶಕ್ತಿಗೆ! ಹಾಗಂತ ವಿ10 ಮೇಲಿನ ಪ್ರೀತಿಯೇನೂ ಕಮ್ಮಿ ಆಗಿಲ್ಲ. ಅದರ ಕಿರುಚಾಟ ಬೇಕಂತ ಮಾಡಿದ್ದಲ್ಲ, ಜೀವ ಬಿಟ್ಟು ಕೆಲಸ ಮಾಡುವಾಗ ಬಂದಿದ್ದು. ಭಾರ ಎತ್ತುವವನ ಬಾಯಿಂದ ಹೊರಡೋ ಉಸಿರಿನ ಹಾಗೆ.

ಈಗ ನಮ್ಮ ರಸ್ತೆಗೆ ಬನ್ನಿ. ನಮ್ಮ ಬಡಾವಣೆಯಲ್ಲಿ ಒಬ್ಬ ಹುಡುಗ ಹ್ಯಾಚ್‌ಬ್ಯಾಕ್ ಒಂದಕ್ಕೆ ಸೈಲೆನ್ಸರ್ ಬದಲಾಯಿಸಿ ಇಟ್ಕೊಂಡಿದಾನೆ. ರಾತ್ರಿ ಹನ್ನೊಂದೂವರೆಗೆ ಸರಿಯಾಗಿ ತಿರುವಿನಲ್ಲಿ ಆಕ್ಸಿಲರೇಟರ್ ಬಿಡ್ತಾನೆ. ಪಟ್ ಪಟ್ ಪಟಾರ್! ಬೀದಿ ನಾಯಿಗಳೆಲ್ಲ ಎದ್ದು ಓಡುತ್ತವೆ. ಈ ಪಟಾಕಿ ಎಂಜಿನ್ನಿನ ಶಕ್ತಿಯಿಂದ ಬರೋದಲ್ಲ ಸ್ವಾಮಿ, ಬರೀ ಸಾಫ್ಟ್‌ವೇರ್! ಕಾಲು ತೆಗೆದ ಮೇಲೂ ಪೆಟ್ರೋಲ್ ಸುರಿಯೋ ಹಾಗೆ, ಕಿಡಿ ತಡವಾಗಿ ಹತ್ತೋ ಹಾಗೆ ಇಸಿಯುನಲ್ಲಿ ಅಂಕಿಗಳನ್ನು ತಿದ್ದಿರ್ತಾರೆ. ಪೆಟ್ರೋಲು ಎಂಜಿನ್ನಿನಲ್ಲಿ ಉರಿಯೋ ಬದಲು ಎಕ್ಸಾಸ್ಟ್ ಕೊಳವೆಯಲ್ಲಿ ಉರಿಯುತ್ತೆ. ಕಾರು ಒಂದಿಂಚೂ ಮುಂದೆ ಹೋಗಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ ಅಷ್ಟೇ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇದು ತುಳುಕಲಿ ಅಂತಲೇ ತೂತು ಮಾಡಿದ ಕೊಡ.

ಅವನನ್ನು ಬೈಯೋ ಮೊದಲು ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ಎರಡನೇ ವರ್ಷದಲ್ಲಿದ್ದಾಗ ನಾನೂ ಒಂದು ಸೆಕೆಂಡ್ ಹ್ಯಾಂಡ್ ಬೈಕಿನ ಸೈಲೆನ್ಸರ್ ಒಳಗಿನ ತಗಡು ಕೀಳಿಸಿ ಮೂರು ತಿಂಗಳು ಮೆರೆದಿದ್ದೆ. ಅಪ್ಪ ಬೈಯಲಿಲ್ಲ. "ಪಿಕಪ್ ಜಾಸ್ತಿ ಆಯ್ತಾ?" ಅಂತ ಕೇಳಿದ್ರು. ಇಲ್ಲ ಅಂದೆ. "ಹಂಗಾದ್ರೆ ಇದು ರಿಪೇರಿ ಅಲ್ಲ, ಕೆಡಿಸೋದು" ಅಂದು ಒಳಗೆ ಹೋದ್ರು. ಅವತ್ತು ನನಗೆ ನಾಚಿಕೆ ಆಗಿದ್ದು ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಮಾತ್ರ. ಕೇಳಿಸಿಕೊಳ್ಳೋ ಕಿವಿಗಳ ಬಗ್ಗೆ ಆಗಲೂ ಯೋಚಿಸಿರಲಿಲ್ಲ.

ಅಪ್ಪ ರಿಟೈರ್ ಆದ ಮೇಲೆ ಅಮ್ಮ ಜಗಳ ಆಡೋದು ಜಾಸ್ತಿಯಾಯ್ತು. "ಸಾರು ಹಾಕ್ಲಾ" ಅಂದ್ರೆ ಅವರು "ಯಾರು?" ಅನ್ನೋರು. ಟೀವಿ ಸದ್ದು ಬೀದಿಗೆ ಕೇಳೋ ಹಾಗೆ ಇಡೋರು. ಕೊನೆಗೆ ಇಎನ್‌ಟಿ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರು ಒಂದು ಗ್ರಾಫ್ ತೋರಿಸಿದ್ರು. ಗೆರೆ ಎಡಗಡೆ ಸುಮಾರಾಗಿ ಹೋಗಿ, 4000 ಹರ್ಟ್ಝ್ ಹತ್ರ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ವರ್ಷಗಟ್ಟಲೆ ಸದ್ದಿನಲ್ಲಿ ಕೆಲಸ ಮಾಡಿದವರ ಗುರುತೇ ಅದಂತೆ. ಸ, ಶ ಥರದ ಅಕ್ಷರಗಳ ಸದ್ದು ಇರೋದು ಆ ಮೇಲಿನ ಭಾಗದಲ್ಲೇ. ಅದಕ್ಕೇ ಸಾರು "ಯಾರು" ಆಗಿದ್ದು. ಒಳಗಿವಿಯಲ್ಲಿ ಸತ್ತುಹೋದ ಸಣ್ಣ ಕೂದಲಿನಂಥ ಜೀವಕೋಶಗಳು ಮತ್ತೆ ಹುಟ್ಟಲ್ಲ.

ಲೆಕ್ಕ ಇಲ್ಲೂ ಇದೆ ನೋಡಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಮಿತಿ. ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100 ಡೆಸಿಬೆಲ್ ಆದ್ರೆ ಹದಿನೈದೇ ನಿಮಿಷ. ಅಪ್ಪ ಇದ್ದಿದ್ದು ಮೂವತ್ತು ವರ್ಷ, ಕಿವಿಗೆ ಏನೂ ಇಲ್ಲದೆ. ನೈಸ್ ರಸ್ತೆಯಲ್ಲಿ ಅವರು ಕಿವಿ ಮುಚ್ಚದೆ ನಿಂತಿದ್ರಲ್ಲ, ಆಗಲೇ ಅರ್ಧ ಹೋಗಿತ್ತೋ ಏನೋ.

ಈಗ ಮಿಷಿನ್ ಹಾಕ್ಕೋತಾರೆ. ಇಂಥ ಕಿವಿಯ ವಿಚಿತ್ರ ಏನಂದ್ರೆ, ಮೆಲ್ಲಗಿನ ಸದ್ದು ಕೇಳಲ್ಲ, ಜೋರು ಸದ್ದು ಮಾತ್ರ ಒಮ್ಮೆಲೇ ತಡೆಯೋಕಾಗದಷ್ಟು ಜೋರಾಗಿ ಕೇಳುತ್ತೆ. ಹೋದ ತಿಂಗಳು ಅಕ್ಕನ ಮಗಳು ಬಂದಿದ್ದಳು, ಐದು ವರ್ಷ. ಸಂಜೆ ಗೇಟಿನ ಹತ್ರ ತಾತನ ತೊಡೆ ಮೇಲೆ ಕೂತು ಸ್ಕೂಲಿನ ಯಾವುದೋ ಮೊಲದ ಕಥೆ ಹೇಳ್ತಿದ್ದಳು. ಆ ಕಾರು ಬಂತು. ಪಟ್ ಪಟ್ ಪಟಾರ್. ಅಪ್ಪ ಮುಖ ಕಿವುಚಿ ಮಿಷಿನ್ ಕಿತ್ತು ಜೇಬಿಗೆ ಹಾಕ್ಕೊಂಡರು. ಮತ್ತೆ ಹಾಕ್ಕೊಳ್ಳೋಕೆ ಧೈರ್ಯ ಬರಲಿಲ್ಲ, ಅವನು ಇನ್ನೊಂದು ಸುತ್ತು ಬರ್ತಾನಲ್ಲ. ಅವಳು ಹೇಳ್ತಾನೇ ಇದ್ದಳು, ಇವರು ತಲೆ ಆಡಿಸ್ತಾನೇ ಇದ್ರು. ಕೊನೆಗೆ ಅವಳು, "ತಾತಾ, ಮೊಲ ಎಲ್ಲಿ ಬಚ್ಚಿಟ್ಕೊಳ್ತು ಹೇಳು?" ಅಂದಳು. ಅಪ್ಪ ನಕ್ಕೊಂಡು, "ಹೌದು ಪುಟ್ಟಾ" ಅಂದ್ರು. ಅವಳು ಇಳಿದು ಒಳಗೆ ಹೋದಳು.

ಇದೇ ನನ್ನ ವಾದ, ಬೇರೆ ಏನಿಲ್ಲ. ಎಫ್1 ನೋಡೋಕೆ ಹೋದವನು ಸದ್ದು ಹುಡುಕಿಕೊಂಡು ಹೋಗಿರ್ತಾನೆ, ಬೇಕಾದ್ರೆ ಕಿವಿಗೆ ಹತ್ತಿ ತುರುಕಿಕೊಂಡು ಹೋಗಿರ್ತಾನೆ. ಎಲ್‌ಎಫ್‌ಎ ಕೊಂಡವನು ತನ್ನ ಕಾಸಿಗೆ ತನ್ನ ಕಾರಿನೊಳಗೆ ಕೇಳ್ತಾನೆ. ರೋಮಾಂಚನ ಅನ್ನೋದು ನಾವು ಹುಡುಕಿಕೊಂಡು ಹೋದಾಗ ಸಿಗೋದು. ಮನೆ ಬಾಗಿಲಿಗೆ ನುಗ್ಗಿ ಬಂದರೆ ಅದೇ ಸದ್ದು ಹಿಂಸೆ. 1991ರ ಮಾಜ್ದಾನೇ ನಮ್ಮ ಬೀದಿಗೆ ಬಂದ್ರೂ ನಾನು ಇದನ್ನೇ ಹೇಳ್ತೀನಿ (ಒಂದೇ ಒಂದು ಸಲ ಕೇಳಿಸಿಕೊಂಡ ಮೇಲೆ!).

ಕಾನೂನು ಇಲ್ಲ ಅಂತಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರ ಮೇಲೆ 45. ಪೊಲೀಸರು ಆಗಾಗ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತೆ, ನೋಡೋಕೆ ಖುಷಿಯಾಗುತ್ತೆ. ಆದರೆ ಮಾರೋ ಅಂಗಡಿ, ಇಸಿಯು ತಿದ್ದಿಕೊಡೋ ಗ್ಯಾರೇಜು ಹಾಗೇ ಇರುತ್ತೆ. ಜೊತೆಗೆ ಇನ್ನೊಂದು ಮಾತು. ಹುಡುಗರ ಹುಚ್ಚು ಸುಳ್ಳಲ್ಲ, ಅದು ನನಗೂ ಇದೆ. ರಾಷ್ಟ್ರೀಯ ರೇಸ್ ನಡೆಯೋ ಟ್ರ್ಯಾಕ್ ನೋಡಬೇಕು ಅಂದ್ರೆ ಬೆಂಗಳೂರಿನವನು ಚೆನ್ನೈ ಹತ್ರದ ಇರುಂಗಾಟುಕೋಟ್ಟೈಗೋ ಕೊಯಮತ್ತೂರಿಗೋ ಹೋಗಬೇಕು. ಊರಾಚೆ ಅಂಥದೊಂದು ಜಾಗ ಮಾಡಿಕೊಡಿ, ಅಲ್ಲಿ ಎಷ್ಟು ಬೇಕೋ ಅಷ್ಟು ಕಿರುಚಲಿ. ಮೊದಲ ಟಿಕೆಟ್ ನಂದೇ.

ಮೊನ್ನೆ ಭಾನುವಾರ ಆ ಹುಡುಗನನ್ನ ಟೀ ಅಂಗಡಿ ಹತ್ರ ನಿಲ್ಲಿಸಿ ಮಾತಾಡಿಸಿದೆ. ಒಳ್ಳೇ ಹುಡುಗ. 787ಬಿ ಹೆಸರು ಹೇಳಿದ ಕೂಡಲೇ ಅವನ ಕಣ್ಣು ಅರಳಿತು, ಅರ್ಧ ಗಂಟೆ ಎಂಜಿನ್ ಪುರಾಣವೇ ಆಯ್ತು. ಆಮೇಲೆ ಅಪ್ಪನ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೇ ಸೈಲೆನ್ಸರ್ ಮನೇಲೇ ಇದೆ ಅಣ್ಣ, ನೋಡ್ತೀನಿ" ಅಂದ.

ನೋಡೋಣ. ಇವತ್ತು ರಾತ್ರಿ ಹನ್ನೊಂದೂವರೆಗೆ ಕಿವಿ ತೆರೆದುಕೊಂಡೇ ಕೂತಿರ್ತೀನಿ. ನಿಮ್ಮ ಬೀದಿಯಲ್ಲೂ ಇಂಥವನೊಬ್ಬ ಇದ್ದರೆ, ಬೈಯೋ ಮೊದಲು ಒಂದು ಸಲ ಟೀ ಕುಡಿಸಿ ನೋಡಿ. ನೀವೇನಂತೀರಿ?